ಇಬ್ಬರ ಮೇಳಕ್ಕೆ ಮೂರನೆಯ ಕೈ

ಸಂಗೀತದಲ್ಲಿ ಇಬ್ಬರ ಮೇಳಕ್ಕೆ ತನ್ನದೇ ಆದ ಬಿಗಿಯೊಂದುಂಟು. ಹತ್ತು ಜನರ ಮೇಳದಲ್ಲಿ ಒಬ್ಬನು ತಪ್ಪಿದರೆ ಉಳಿದವರು ಅದನ್ನು ಮರೆಮಾಡಬಹುದು. ಇಬ್ಬರೇ ಇರುವಲ್ಲಿ ಮರೆಗೆ ಎಡೆಯಿಲ್ಲ. ಒಬ್ಬನ ಉಸಿರಿಗೆ ಇನ್ನೊಬ್ಬನು ಕಾಯಬೇಕು. ಒಬ್ಬನು ಬಿಟ್ಟ ತೆರಪನ್ನು ಇನ್ನೊಬ್ಬನು ತುಂಬಬೇಕು, ಅಥವಾ ತುಂಬದೆ ಬಿಡುವ ವಿವೇಕವನ್ನು ತೋರಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡಿಯ ಮುಂದೆ ನಾಗಸ್ವರಕ್ಕೆ ಡೋಲು ಜೊತೆಗೂಡುವುದನ್ನೂ, ಊರಹಬ್ಬದ ಬಯಲಿನಲ್ಲಿ ಹಾಡುವ ಕೊರಳಿಗೆ ತಮಟೆ ಎದುರಾಗಿ ನಿಲ್ಲುವುದನ್ನೂ ಅವರು ಚಿಕ್ಕಂದಿನಿಂದ ಕೇಳಿ ಬಲ್ಲರು.

ಇಂಥ ಜೋಡಿಯ ಬಳಿಗೆ ಮೂರನೆಯವನೊಬ್ಬನು ಬಂದು, ನಿಮ್ಮ ಹಾಡು ಸೊಗಸಾಗಿದೆ, ಆದರೆ ನಾದ ತೆಳುವಾಯಿತು, ಇದನ್ನು ವಿಸ್ತರಿಸೋಣ ಎಂದರೆ ಏನು ಮಾಡಬೇಕು? ಧ್ವನಿಮುದ್ರಣವು ಕೈಗೆಟಕುವಂತಾಗಿರುವ ಈ ದಿನಗಳಲ್ಲಿ ಹಳ್ಳಿಯ ಹಾಡುಗಾರನಿಗೂ ಈ ಪ್ರಶ್ನೆ ಎದುರಾಗುತ್ತಿದೆ. ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಹೊರಗಿನವನು ಮುಟ್ಟಿದರೆ ಕಲೆ ಕೆಟ್ಟಿತು ಎಂಬುದು ಒಂದು. ಕಾಲಕ್ಕೆ ತಕ್ಕಂತೆ ಎಲ್ಲವನ್ನೂ ಒಪ್ಪಿಕೊಳ್ಳಬೇಕು ಎಂಬುದು ಇನ್ನೊಂದು. ಎರಡೂ ಆತುರದ ಉತ್ತರಗಳೆಂದು ನಮ್ಮ ಅಭಿಪ್ರಾಯ.

ಮೊದಲು ದೂರದ ಒಂದು ನಿದರ್ಶನವನ್ನು ನೋಡೋಣ. ಅಮೆರಿಕದ ಕರಿಯ ಜನರ ದುಡಿಮೆ ದುಃಖಗಳಿಂದ ಹುಟ್ಟಿದ ಹಾಡುಗಾರಿಕೆಗೆ ಬ್ಲೂಸ್ ಎಂದು ಹೆಸರು. ಅದನ್ನು ರಾಕ್ ಸಂಗೀತದ ಬಿರುಸಿನೊಡನೆ ಬೆಸೆದು ನುಡಿಸಿದವರಲ್ಲಿ ಓಹಿಯೋ ರಾಜ್ಯದ ಆಕ್ರನ್ ಪಟ್ಟಣದ 'ದಿ ಬ್ಲ್ಯಾಕ್ ಕೀಸ್' ಒಂದು ಜೋಡಿ. ಗಿಟಾರ್ ಹಿಡಿದು ಹಾಡುವವನು ಡ್ಯಾನ್ ಆವರ್‌ಬಾಕ್. ಡ್ರಮ್ ಬಾರಿಸುವವನು ಪ್ಯಾಟ್ರಿಕ್ ಕಾರ್ನಿ. 2002ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆ ಮನೆಯ ನೆಲಮಾಳಿಗೆಯಲ್ಲಿ ತಯಾರಾದದ್ದು. 2004ರ ಧ್ವನಿಮುದ್ರಿಕೆ ಪಾಳುಬಿದ್ದ ರಬ್ಬರ್ ಕಾರ್ಖಾನೆಯೊಂದರಲ್ಲಿ. ಅವರ ನಾದದಲ್ಲಿ ಒರಟುತನವಿತ್ತು, ಆ ಒರಟುತನವೇ ಅವರ ಗುರುತಾಗಿತ್ತು. 2008ರ 'ಅಟ್ಯಾಕ್ ಅಂಡ್ ರಿಲೀಸ್' ಎಂಬ ಧ್ವನಿಮುದ್ರಿಕೆಗೆ ಅವರು ಮೊದಲ ಬಾರಿಗೆ ಹೊರಗಿನ ನಿರ್ಮಾಪಕನನ್ನು ಕರೆದರು. ಡೇಂಜರ್ ಮೌಸ್ ಎಂದು ಹೆಸರಾದ ಬ್ರಯಾನ್ ಬರ್ಟನ್ ಬೇರೊಂದು ಬಗೆಯ ಸಂಗೀತದಿಂದ ಬಂದವನು. ಧ್ವನಿಮುದ್ರಣದ ನಿರ್ಮಾಪಕನೆಂದರೆ ಹಣ ಹೂಡುವವನೆಂದಷ್ಟೇ ತಿಳಿಯಬಾರದು. ಯಾವ ವಾದ್ಯ ಸೇರಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ತೂಗಿ ನೋಡುವ ಕಿವಿ ಅವನದು. ಕೀಲಿಮಣೆಯ ವಾದ್ಯಗಳು, ಬ್ಯಾಂಜೋ, ಕೊಳಲು ಹೊಸದಾಗಿ ಸೇರಿದವು. ಆದರೂ ಕೇಳುವವನ ಕಿವಿಗೆ ಮೊದಲು ತಾಗುವುದು ಅದೇ ಗಿಟಾರ್, ಅದೇ ಡ್ರಮ್. ಮನೆಗೆ ಹೊಸ ಕೋಣೆಗಳು ಬಂದವು, ನಡುಗಂಬ ಕದಲಲಿಲ್ಲ.

ಇದಕ್ಕಿಂತ ಕಾಲು ಶತಮಾನ ಮುಂಚೆಯೇ ನಮ್ಮವರು ಇಂಥದೇ ಪ್ರಯೋಗಕ್ಕೆ ಕೈಹಾಕಿದ್ದರು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ತಾಳವಾದ್ಯ ಕಾಲೇಜನ್ನು ಸ್ಥಾಪಿಸಿದರು. ಅವರ ಪತ್ನಿ ಆರ್.ಎ. ರಮಾಮಣಿಯವರು ಗಾಯಕಿ, ವಾಗ್ಗೇಯಕಾರರು. ಒಂದು ಕೊರಳು, ಒಂದು ಮೃದಂಗ: ಈ ದಂಪತಿಗಳ ಸಂಗೀತಕ್ಕೆ ಇದೇ ಬುನಾದಿ. ಇವರೊಡನೆ ಕೂಡಿ ನುಡಿಸಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923–2009) ಜಾಸ್ ಸಂಗೀತದಲ್ಲಿ ಹೆಸರಾಂತವನು. ಆದರೆ ದಕ್ಷಿಣದ ಸಂಗೀತದೊಡನೆ ಬೆರೆಯಬೇಕೆಂದು ಹಂಬಲಿಸಿ ಶಿಷ್ಯನಾಗಿ ಕುಳಿತು ನಾಗಸ್ವರವನ್ನು ಕಲಿತವನು. 1983ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ, ಇ.ಸಿ.ಎಂ. ಸಂಸ್ಥೆಯ ಮ್ಯಾನ್‌ಫ್ರೆಡ್ ಐಶರನ ನಿರ್ಮಾಣದಲ್ಲಿ, 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಸಿದ್ಧವಾಯಿತು. ಮೃದಂಗದೊಡನೆ ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲುಗಳೂ ಅಲ್ಲಿದ್ದವು.

ಈ ಧ್ವನಿಮುದ್ರಿಕೆಯ ಆರಂಭದ ಭಾಗಕ್ಕೆ ಕೊಟ್ಟ ಹೆಸರು 'ವಾಯ್ಸ್ ಸೋಲೋ'. ಹೊರದೇಶದ ನಿರ್ಮಾಪಕ, ಹೊರದೇಶದ ಪ್ರಖ್ಯಾತ ವಾದಕ, ಸುಸಜ್ಜಿತ ಮುದ್ರಣಾಲಯ ಎಲ್ಲವೂ ಇದ್ದಾಗ ಮೊದಲು ಕೇಳಿಸುವುದು ರಮಾಮಣಿಯವರ ಕೊರಳು! ಅತಿಥಿ ಬಾಗಿಲಲ್ಲಿ ನಿಂತು, ಮನೆಯವರು ಮಾತಾಡಿ ಮುಗಿಸಿದ ಮೇಲೆ ಒಳಕ್ಕೆ ಬಂದಂತೆ. ರಚನೆಗಳಲ್ಲಿ ರಮಾಮಣಿಯವರ ಪಾಲು ಹಿರಿದು. ಹೊದಿಕೆಯ ಮೇಲೆ ಮರಿಯಾನೊ ಹೆಸರಿನ ಜೊತೆಗೆ ಕರ್ನಾಟಕದ ಕಾಲೇಜಿನ ಹೆಸರೂ ಇದೆ. ನಾದ ವಿಸ್ತಾರವಾಯಿತು; ಯಾರದು ಎಂಬುದು ಮರೆಯಾಗಲಿಲ್ಲ. 2020ರಲ್ಲಿ ಮಣಿಯವರು ತೀರಿಕೊಂಡರು. ಅವರು ತೆರೆದ ಈ ದಾರಿಯನ್ನು ನಮ್ಮ ಸಂಗೀತದ ವಿದ್ಯಾರ್ಥಿಗಳು ಇನ್ನೂ ಸರಿಯಾಗಿ ಅಭ್ಯಾಸ ಮಾಡಿಲ್ಲವೆಂದೇ ಹೇಳಬೇಕು.

ಹೊರಗಿನದನ್ನು ಒಳಕ್ಕೆ ತಂದುಕೊಳ್ಳುವುದು ನಮಗೆ ಹೊಸತೇನೂ ಅಲ್ಲ. ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಇಂದು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಅದನ್ನು ಪರಕೀಯವೆಂದು ಯಾರೂ ಬಗೆಯುವುದಿಲ್ಲ. ಕಾರಣವಿಷ್ಟೆ: ಅದು ನಮ್ಮ ಕೊರಳಿನ ಗಮಕಗಳನ್ನು ಕಲಿಯಿತು. ಕೊರಳು ಪಿಟೀಲಿಗಾಗಿ ತನ್ನ ಗಮಕಗಳನ್ನು ಬಿಟ್ಟುಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಈ ಮಾತಿನ ಬೆಳಕಿನಲ್ಲಿ ನಮ್ಮ ಸೀಮೆಯ ತಮಟೆಯನ್ನು ನೋಡಬೇಕು. ಬಹುಕಾಲ ಅದು ಜಾತಿಯ ಚಾಕರಿಯ ಗುರುತಾಗಿತ್ತು, ಬಾರಿಸಿದವನಿಗೆ ಗೌರವವಿರಲಿಲ್ಲ. ದಲಿತ ಚಳವಳಿಯ ದಿನಗಳಲ್ಲಿ ಅದೇ ತಮಟೆ ಹೋರಾಟದ ಹಾಡಿಗೆ ಜೊತೆಯಾಗಿ ತಲೆಯೆತ್ತಿತು. ಪಿಚ್ಚಳ್ಳಿ ಶ್ರೀನಿವಾಸರ ಕೊರಳಿನಿಂದ ಕೋಲಾರದ ಹಾಡು ನಾಡಿನ ಹಲವೆಡೆಗಳಿಗೆ ಹೋಯಿತು. ತೇರಹಳ್ಳಿ ಬೆಟ್ಟದ ಆದಿಮ ಕೇಂದ್ರದ ಹುಣ್ಣಿಮೆಯ ಕೂಟಗಳು ಅದಕ್ಕೆ ಬಯಲನ್ನೇ ರಂಗಸ್ಥಳವಾಗಿ ಕೊಟ್ಟವು. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಬಂತು.

ಆದರೆ ಇದೇ ತಮಟೆ ಧ್ವನಿಮುದ್ರಣದ ಕೋಣೆಗೆ ಹೋದಾಗ ಏನಾಗುತ್ತದೆ? ಬೆಂಕಿಗೆ ಕಾಯಿಸಿ ಹದಗೊಳಿಸಿದ ಚರ್ಮದ ಆ ನಾದ ಅಬ್ಬರವಾಯಿತೆಂದು ವಾದ್ಯಗಾರನನ್ನು ಹೊರಗೆ ಕೂರಿಸಿ, ಯಂತ್ರದ ತಾಳವನ್ನು ಹಾಕುವುದುಂಟು. ಯಂತ್ರದ ನಡೆ ಮೊದಲಿನಿಂದ ಕೊನೆಯವರೆಗೆ ಒಂದೇ. ಹಾಡುಗಾರನು ಸಾಲಿನ ಕೊನೆಯ ಮಾತನ್ನು ಎಳೆದು ನಿಲ್ಲಿಸಿದರೆ ಅದು ಕಾಯುವುದಿಲ್ಲ. ಬಯಲಿನಲ್ಲಿ ಜನ ಕುಣಿಯತೊಡಗಿದಾಗ ಏರಬೇಕಾದ ಏರು ಅದಕ್ಕೆ ತಿಳಿಯದು. ಆಗ ಕೊರಳು ಯಂತ್ರದ ಅಳತೆಗೆ ತಕ್ಕಂತೆ ತನ್ನ ಮಾತನ್ನು ಕತ್ತರಿಸಿಕೊಳ್ಳಬೇಕಾಗುತ್ತದೆ. ಹತ್ತು ವಾದ್ಯಗಳ ಸದ್ದು ಸೇರಿದರೂ ಇದನ್ನು ವಿಸ್ತಾರವೆನ್ನಲಾಗದು. ಇಬ್ಬರ ಜೋಡಿ ಮುರಿದು ಒಬ್ಬನು ಮಾತ್ರ ಉಳಿದನು. ಹೊರಗೆ ಕುಳಿತವನು ತಲೆಮಾರುಗಳ ತಾತ್ಸಾರವನ್ನು ದಾಟಿ ಬಂದವನೆಂಬುದನ್ನು ನೆನೆದರೆ ಈ ನಷ್ಟ ಸಂಗೀತಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಆದುದರಿಂದ ಹೊರಗಿನ ಕೈ ಬೇಡವೆಂದು ನಾವು ಹೇಳುವುದಿಲ್ಲ. ಬಂದ ಕೈಗೆ ಕೆಲವು ಪ್ರಶ್ನೆಗಳನ್ನು ಹಾಕಬೇಕೆನ್ನುತ್ತೇವೆ. ಸೇರಿಸುವ ಮೊದಲು ಅವನು ಎಷ್ಟು ದಿನ ಸುಮ್ಮನೆ ಕುಳಿತು ಕೇಳಿದ್ದಾನೆ? ಹೊಸ ವಾದ್ಯ ಹಳೆಯ ಜೋಡಿಯ ನಡೆಗೆ ಹೊಂದುವುದೋ, ಜೋಡಿಯೇ ಅದಕ್ಕೆ ಬಾಗಬೇಕೋ? ಹಾಡು ಹೊರಬಂದ ಮೇಲೆ ಹೊದಿಕೆಯಲ್ಲಿ ಹಾಡಿದವರ, ಬಾರಿಸಿದವರ ಹೆಸರು ಇರುವುದೋ? ಬಂದ ಹಣದಲ್ಲಿ ಅವರಿಗೆ ಪಾಲುಂಟೋ?

ನಮ್ಮ ಶಾಲೆ ಕಾಲೇಜುಗಳ ಅಧ್ಯಾಪಕರು ಇಲ್ಲಿ ದೊಡ್ಡ ಉಪಕಾರವನ್ನು ಮಾಡಬಲ್ಲರು. ತಮ್ಮ ತಾಲ್ಲೂಕಿನ ಇಂಥ ಜೋಡಿಗಳನ್ನು ಇದ್ದಂತೆಯೇ, ಅವರ ಬಯಲಿನಲ್ಲಿಯೇ, ಏನನ್ನೂ ಸೇರಿಸದೆ ಮೊದಲು ಮುದ್ರಿಸಿಡಲಿ. ಹೆಸರು, ಊರು, ದಿನಾಂಕಗಳನ್ನು ಬರೆದಿಡಲಿ. ಮುಂದೆ ಯಾರು ಬಂದು ಏನನ್ನು ಸೇರಿಸಿದರೂ, ಮೂಲದ ಉಸಿರು ಹೇಗಿತ್ತೆಂದು ಕೇಳಿ ಹೋಲಿಸಿ ನೋಡಲು ಒಂದು ಆಧಾರ ಉಳಿಯುತ್ತದೆ. ಬರುವ ಊರಹಬ್ಬದಲ್ಲಿ ಹಾಡಿನ ಕೊನೆಯ ಸಾಲಿಗಾಗಿ ತಮಟೆಯವನು ಕೈಯೆತ್ತಿ ಕಾಯುವ ಆ ಕ್ಷಣವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಲಿ. ಹೊರಗಿನ ಯಾವ ನಿರ್ಮಾಪಕನೂ ಮೊದಲು ಕಲಿಯಬೇಕಾದ ಪಾಠ ಅಲ್ಲಿದೆ.