ನಮ್ಮ ಮಾತು: ಮೊದಲ ಮತಕ್ಕೆ ಮುಂಚೆ

2017ರ ಫೆಬ್ರವರಿಯಲ್ಲಿ ಮುಂಬಯಿ ಮಹಾನಗರಪಾಲಿಕೆಯ ಚುನಾವಣೆ ನಡೆದಾಗ ಹದಿನೇಳು ತುಂಬಿದ್ದ ನಮ್ಮ ಹುಡುಗರು ಹುಡುಗಿಯರು, ನಗರಸೇವಕನನ್ನು ಆರಿಸಲು ಮೊದಲ ಸಲ ಮತ ಹಾಕಿದ್ದು 2026ರ ಜನವರಿ 15ರಂದು. ಆ ಹೊತ್ತಿಗೆ ಅವರ ವಯಸ್ಸು ಇಪ್ಪತ್ತಾರರ ಆಸುಪಾಸು. 2022ರ ಮಾರ್ಚಿನಲ್ಲಿ ಹಳೆಯ ಸಭೆಯ ಅವಧಿ ಮುಗಿದ ಮೇಲೆ ನಾಲ್ಕು ವರ್ಷಗಳಷ್ಟು ಕಾಲ ಆಡಳಿತಾಧಿಕಾರಿಯೇ ಪಾಲಿಕೆಯನ್ನು ನಡೆಸಿದರು. ರೂಢಿ ಬೀಳಬೇಕಾದ ಪ್ರಾಯದಲ್ಲಿ ರೂಢಿಗೆ ಅವಕಾಶವೇ ಇಲ್ಲದೆ ಹೋಯಿತು. ಹೀಗಿರುವಾಗ ತರುಣರಿಗೆ ತಮ್ಮ ವಾರ್ಡಿನ ಸಂಖ್ಯೆ ಗೊತ್ತಿಲ್ಲವೆಂದು ಹಿರಿಯರು ಮೂಗು ಮುರಿಯುವುದು ನ್ಯಾಯವಲ್ಲ. ಹಿರಿಯರಿಗಾದರೂ ಗೊತ್ತಿದೆಯೆ? ‘ಕೆ ವೆಸ್ಟ್’, ‘ಎಫ್ ನಾರ್ತ್’ ಎಂದು ಥಟ್ಟನೆ ಹೇಳುತ್ತಾರೆ. ಅದು ಆಡಳಿತದ ವಾರ್ಡು. ಮತ ಹಾಕುವ ವಾರ್ಡುಗಳು ಬೇರೆ, ಅವು 227.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಮನೆಗಳ ಒಳಗೇ ಇದೆ. ನಿಮ್ಮ ಮತ ಎಲ್ಲಿದೆ ಎಂದು ಕೇಳಿದರೆ ‘ಊರಿನಲ್ಲಿ’ ಎಂಬ ಉತ್ತರ ಈಗಲೂ ಬರುತ್ತದೆ. ಪಂಚಾಯತಿಗೆ ಚಿಕ್ಕಪ್ಪನೋ ಸೋದರಮಾವನೋ ನಿಂತರೆ ರಾತ್ರಿ ಬಸ್ಸು ಹತ್ತಿ ಹೋಗುವುದು ಪ್ರೀತಿಯ ಮಾತು, ಅದನ್ನು ನಾವು ಹಳಿಯುವುದಿಲ್ಲ. ಆದರೆ 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಒಬ್ಬನಿಗೆ ಒಂದೇ ಕಡೆ ಹೆಸರು ಕೊಡುತ್ತದೆ. ಅದು ಸಾಮಾನ್ಯವಾಗಿ ವಾಸವಿರುವ ಸ್ಥಳದಲ್ಲಿ. ಊರಿನಲ್ಲಿ ಸ್ವಂತ ಮನೆಯಿದೆ ಎಂಬ ಮಾತ್ರಕ್ಕೆ ಅಲ್ಲಿಯ ವಾಸಿ ಎನಿಸುವುದಿಲ್ಲವೆಂದು ಅದೇ ಕಾಯಿದೆ ಬಿಡಿಸಿ ಹೇಳಿದೆ. ಅಲ್ಲೊಂದು ಇಲ್ಲೊಂದು ಇರಲಿ ಎಂದು ಸುಳ್ಳು ಹೇಳಿಕೆಗೆ ಸಹಿ ಹಾಕಿದರೆ ಒಂದು ವರ್ಷದವರೆಗೆ ಶಿಕ್ಷೆಗೂ ದಾರಿಯಿದೆ. ಮುಂಬಯಿಯಲ್ಲಿ ಹುಟ್ಟಿ ಇಲ್ಲಿಯೇ ಓದಿದ ಮಗಳ ಹೆಸರನ್ನು ಅಜ್ಜನ ಮನೆಯ ವಿಳಾಸಕ್ಕೆ ಸೇರಿಸುವ ತಂದೆತಾಯಿ ಇದನ್ನು ಒಮ್ಮೆ ಯೋಚಿಸಲಿ. ಅವಳ ಮನೆಯ ನಲ್ಲಿಗೆ ನೀರು ಬಿಡುವವರನ್ನು ಆರಿಸಲು ಅವಳಿಗೆ ಹಕ್ಕಿಲ್ಲದಂತೆ ನಾವೇ ಮಾಡಿದಂತಾಯಿತು.

‘ಇದು ನಮ್ಮ ಊರಲ್ಲ’ ಎನ್ನುವ ಭಾವನೆಯ ಬೇರನ್ನು ಚರಿತ್ರೆಯಿಂದಲೇ ಕೀಳಬೇಕು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳವರಿಗೆ 1956ರ ಅಕ್ಟೋಬರ್ 31ರವರೆಗೂ ಮುಂಬಯಿಯೇ ರಾಜಧಾನಿ. ಅವರ ಶಾಸಕರು ಕುಳಿತದ್ದು ಇಲ್ಲಿಯ ಸಭೆಯಲ್ಲಿ. ದಕ್ಷಿಣ ಕನ್ನಡದವರು ಮದರಾಸಿಗೆ ಸೇರಿದ್ದರೂ ಹೊಟ್ಟೆಪಾಡಿಗೆ ಬಂದದ್ದು ಈ ಪಟ್ಟಣಕ್ಕೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಹೊಟೇಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರು ಅಕ್ಷರ ಕಲಿತರು. ಆ ಹುಡುಗರಿಗೆ ಆಗ ಮತವಿರಲಿಲ್ಲ. 1872ರಲ್ಲಿ 64 ಮಂದಿಯ ಪಾಲಿಕೆ ಹುಟ್ಟಿದಾಗ ಅರ್ಧ ಸದಸ್ಯರನ್ನು ಆರಿಸಿದವರು ತೆರಿಗೆ ಕಟ್ಟುವ ಶ್ರೀಮಂತರು. ಬಾಡಿಗೆದಾರರಿಗೆ ಬಾಗಿಲು ತೆರೆದದ್ದು 1922ರಲ್ಲಿ. ಪ್ರಾಪ್ತ ವಯಸ್ಕರೆಲ್ಲರ ಮತದಿಂದ ಪಾಲಿಕೆಯ ಚುನಾವಣೆ ನಡೆದದ್ದು 1948ರಲ್ಲಿ. ಇಪ್ಪತ್ತೊಂದರ ಬದಲು ಹದಿನೆಂಟು ಸಾಕೆಂದಾದದ್ದು 1989ರಲ್ಲಿ. ಖೋಲಿಯ ಬಾಡಿಗೆ ಕೊಡಲು ತಡಕಾಡುತ್ತಿದ್ದ ಅಜ್ಜನಿಗೆ ಸಿಕ್ಕದ್ದು ಮೊಮ್ಮಗನಿಗೆ ಕೇಳದೆಯೇ ಸಿಕ್ಕಿದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಜಾರ್ಜ್ ಫರ್ನಾಂಡಿಸರ ಕಥೆಯನ್ನೂ ಹೇಳಬೇಕು. ಮಂಗಳೂರಿನಿಂದ 1949ರಲ್ಲಿ ಕೆಲಸ ಹುಡುಕಿಕೊಂಡು ಬಂದ ಹುಡುಗ ಚೌಪಾಟಿಯ ಬೆಂಚಿನ ಮೇಲೆ ಮಲಗಿದ. 1961ರಲ್ಲಿ ಪಾಲಿಕೆಯ ಸದಸ್ಯನಾದ. 1967ರಲ್ಲಿ, ಮೂರು ಸಲ ಮೇಯರಾಗಿ ಆಮೇಲೆ ಕೇಂದ್ರ ಮಂತ್ರಿಯೂ ಆದ ಎಸ್. ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ. ಅವರ ಮುಂದಿನ ರಾಜಕೀಯ ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ. ನಮಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಗೋಡೆ ಗೋಡೆಗೂ ಭಿತ್ತಿಪತ್ರ ಅಂಟಿಸಿ, ಎಂಥ ದೊಡ್ಡವರನ್ನೂ ನೀವು ಸೋಲಿಸಬಲ್ಲಿರೆಂದು ಮತದಾರನಿಗೆ ಮನದಟ್ಟು ಮಾಡಿದ್ದು ಪೌರಶಿಕ್ಷಣವಲ್ಲದೆ ಮತ್ತೇನು?

ಇನ್ನು ಪೌರನೀತಿ. ಪಠ್ಯಪುಸ್ತಕದಲ್ಲಿ ಅದು ಪರೀಕ್ಷೆ ಮುಗಿಯುವವರೆಗೆ ಮಾತ್ರ ಬದುಕಿರುತ್ತದೆ. ನಲ್ಲಿಯಿಂದ ಪ್ರಾರಂಭಿಸಿದರೆ ಹೇಗೆ? ವಿಹಾರ ಕೆರೆ 1860ರದು, ತುಳಸಿ 1879ರದು, ತಾನಸಾ 1892ರದು. ಈಗ ಏಳು ಕೆರೆಗಳ ನೀರು ಬರುತ್ತದೆ, ಅವುಗಳಲ್ಲಿ ಎರಡೇ ನಗರದ ಮೇರೆಯೊಳಗೆ. ದೂರದ ಕಾಡಿನ ನೀರನ್ನು ಕುಡಿಯುವ ನಾವು ‘ಹೊರಗಿನವರು’ ಯಾರು ಎಂದು ಜಗಳಾಡುವುದು ತಮಾಷೆಯೇ ಸರಿ. ನೀರು, ಚರಂಡಿ, ಕಸ, ಪ್ರಾಥಮಿಕ ಶಾಲೆ ಇವೆಲ್ಲ 1888ರ ಕಾಯಿದೆ ಪಾಲಿಕೆಗೆ ಕಡ್ಡಾಯವಾಗಿ ಹೊರಿಸಿದ ಕೆಲಸಗಳು. ಕನ್ನಡ ಮಾಧ್ಯಮದ ಪಾಲಿಕೆ ಶಾಲೆಗಳ ಅಳಿವು ಉಳಿವೂ ಅದರಲ್ಲಿಯೇ ಬಂತು. ಪೊಲೀಸರು ರಾಜ್ಯ ಸರಕಾರದವರು, ಲೋಕಲ್ ರೈಲು ಕೇಂದ್ರದ್ದು. ರೈಲು ತಡವಾಯಿತೆಂದು ನಗರಸೇವಕನನ್ನು ಬಯ್ಯುವ ಗೃಹಸ್ಥರು ನಮ್ಮಲ್ಲಿ ಕಡಿಮೆಯೇನಿಲ್ಲ! ಮೇಯರ್ ಸಭೆಯ ಅಧ್ಯಕ್ಷರು ಮಾತ್ರ. ಕಾರ್ಯಭಾರವೆಲ್ಲ ರಾಜ್ಯ ಸರಕಾರ ನೇಮಿಸುವ ಕಮಿಷನರರ ಕೈಯಲ್ಲಿ ಎಂಬುದನ್ನೂ ತಿಳಿದಿರಬೇಕು. ಅಂದಮೇಲೆ ನಗರಸೇವಕನ ಬಲ ಪ್ರಶ್ನೆ ಕೇಳುವುದರಲ್ಲಿದೆ, ಬಜೆಟ್ಟಿನಲ್ಲಿದೆ. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನಗಳು 2011ರಿಂದ ಮಹಿಳೆಯರಿಗೆ ಮೀಸಲಾಗಿವೆ. ಸಂಘದ ಮಹಿಳಾ ವಿಭಾಗದವರು ಅರಸಿನ ಕುಂಕುಮದ ದಿನ ಈ ವಿಷಯವನ್ನೂ ಎತ್ತಿಕೊಂಡರೆ ನಮಗೆ ಸಂತೋಷ.

ಸಂಘದ ಕನ್ನಡ ತರಗತಿಗಳಲ್ಲಿ ತಿಂಗಳಿಗೊಂದು ಗಂಟೆಯನ್ನು ಇದಕ್ಕೆ ಮೀಸಲಿಡಬೇಕೆಂದು ನಮ್ಮ ಸೂಚನೆ. ಭಾಷಣ ಬೇಡ. ಮತದಾರರ ಯಾದಿಯನ್ನೇ ಮುಂದಿಟ್ಟುಕೊಂಡು ತಮ್ಮ ಕಟ್ಟಡದ ಪುಟವನ್ನು ಮಕ್ಕಳು ಓದಲಿ. ತಂದೆಯ ಹೆಸರನ್ನು ಮೊದಲಕ್ಷರವಾಗಿ ಬರೆಯುವ ನಮ್ಮ ಪದ್ಧತಿಗೂ ಅಡ್ಡಹೆಸರು ಕೇಳುವ ಇಲ್ಲಿಯ ಪದ್ಧತಿಗೂ ಹೊಂದಾಣಿಕೆಯಾಗದೆ ಎಷ್ಟು ಹೆಸರುಗಳು ತಿರುಚಿಕೊಂಡಿವೆ ಎಂಬುದು ಆಗ ಕಾಣುತ್ತದೆ. ಯಾದಿಯಲ್ಲಿ ಮರಾಠಿ ಬಂದರೆ ಮಕ್ಕಳೇ ಹಿರಿಯರಿಗೆ ಓದಿ ಹೇಳಲಿ.

ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಊರಿನಿಂದ ಅಥವಾ ಹಳೆಯ ಬಿಡಾರದಿಂದ ಇಲ್ಲಿಗೆ ವರ್ಗಾಯಿಸಲು, ತಪ್ಪು ತಿದ್ದಲು ನಮೂನೆ 8. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳುಗಳ ಒಂದನೆಯ ತಾರೀಕಿಗೆ ಹದಿನೆಂಟು ತುಂಬಿದವರು ಅರ್ಹರು. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು.