ಪೇಟೆಯಿಂದ ಮನೆಗೆ ಬರುವ ಕೈ

ಶುಚಿತ್ವದ ವಿಷಯ ಬಂದಾಗ ನಾವು ಬಹಳ ಅಭಿಮಾನದಿಂದ ಮಾತನಾಡುತ್ತೇವೆ. ದಿನಕ್ಕೆ ಐದು ಬಾರಿ ಕೈ-ಮುಖ ತೊಳೆಯುವವರು ನಾವು, ಶುಚಿತ್ವವನ್ನು ಈಮಾನಿನೊಂದಿಗೆ ಜೋಡಿಸಿ ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು ಎಂದು ವೇದಿಕೆಗಳಲ್ಲಿ ಹೇಳುತ್ತೇವೆ. ಕೊರೋನಾ ಕಾಲದಲ್ಲಂತೂ ಈ ಮಾತು ಕಿವಿಗೆ ಬೀಳದ ದಿನವಿರಲಿಲ್ಲ. ಅದು ಸುಳ್ಳಲ್ಲ. ಆದರೆ ಆ ಭಾಷಣ ಮುಗಿಸಿ ಶೌಚಾಲಯದ ಕಡೆಗೆ ನಡೆದರೆ, ನಮ್ಮ ಎಷ್ಟು ಮಸೀದಿಗಳಲ್ಲಿ ನಳ್ಳಿಯ ಪಕ್ಕ ಒಂದು ತುಂಡು ಸಾಬೂನು ಕಾಣಸಿಗುತ್ತದೆ?

ಸಾಮಾನ್ಯ ದಿನವೊಂದರ ಪೇಟೆಯ ಓಡಾಟವನ್ನು ಗಮನಿಸೋಣ. ಬಸ್ಸಿನ ಕಂಬಿ ಹಿಡಿಯುತ್ತೇವೆ. ಎಟಿಎಂ ಯಂತ್ರದ ಗುಂಡಿಗಳನ್ನು ಒತ್ತುತ್ತೇವೆ. ನ್ಯಾಯಬೆಲೆ ಅಂಗಡಿಯಲ್ಲಿ ನಮಗಿಂತ ಮೊದಲು ಬಂದ ಐವತ್ತು ಮಂದಿ ಹೆಬ್ಬೆರಳಿಟ್ಟ ಗಾಜಿನ ಮೇಲೆಯೇ ನಾವೂ ಹೆಬ್ಬೆರಳಿಡುತ್ತೇವೆ; ಯಂತ್ರ ಗುರುತಿಸದಿದ್ದರೆ ಬೆರಳನ್ನು ನಾಲಗೆಗೆ ತಾಗಿಸಿ ಮತ್ತೆ ಒತ್ತುವವರೂ ಇದ್ದಾರೆ. ಬಂಗುಡೆಯ ಕಿವಿರು ಎತ್ತಿ ನೋಡಿದ ಕೈಯಿಂದಲೇ ನೋಟು ಎಣಿಸುತ್ತೇವೆ. ಮೊಬೈಲಿನಲ್ಲಿ ಹಣ ಕಳಿಸುವವರಿಗೆ ನೋಟಿನ ಗೊಡವೆಯಿಲ್ಲ, ನಿಜ. ಆದರೆ ಇವೆಲ್ಲದರ ನಡುವೆ ಹತ್ತಾರು ಬಾರಿ ಮುಟ್ಟಿದ ಆ ಮೊಬೈಲು ಮನೆಗೆ ಬಂದೊಡನೆ ಹೋಗುವುದು ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ. ಈ ಓಡಾಟದ ನಡುವೆ ನಾವು ಕಣ್ಣು ಉಜ್ಜುತ್ತೇವೆ, ಗಡ್ಡ ಸವರುತ್ತೇವೆ, ಮುಖದ ಪರದೆ ಸರಿಪಡಿಸುತ್ತೇವೆ, ಹಸಿದರೆ ಗೂಡಂಗಡಿಯಲ್ಲಿ ಒಂದು ಬನ್ಸ್ ತಿನ್ನುತ್ತೇವೆ.

ಇಷ್ಟಕ್ಕೆಲ್ಲ ಹೆದರಬೇಕೇ? ಹೆದರಬೇಕಾಗಿಲ್ಲ. ಕೊರೋನಾದ ಮೊದಲ ದಿನಗಳಲ್ಲಿ ತರಕಾರಿಯನ್ನು ಸಾಬೂನಿನಲ್ಲಿ ತೊಳೆದವರು, ಹಾಲಿನ ಪ್ಯಾಕೆಟನ್ನು ಬಿಸಿಲಿಗಿಟ್ಟವರು ನಮ್ಮಲ್ಲೂ ಇದ್ದರು. ಆ ರೋಗ ಮುಖ್ಯವಾಗಿ ಹರಡುವುದು ಉಸಿರಿನ ಮೂಲಕ, ವಸ್ತುಗಳ ಮೇಲ್ಮೈಯಿಂದ ಹರಡುವ ಸಾಧ್ಯತೆ ಕಡಿಮೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಆದರೆ ಕೈಯ ಮೂಲಕವೇ ಬಾಯಿ, ಕಣ್ಣು, ಮೂಗಿಗೆ ತಲುಪುವ ರೋಗಗಳು ಬೇರೆ ಇವೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್ ಎ, ಸಾಮಾನ್ಯ ನೆಗಡಿ. 2023ರ ಮಳೆಗಾಲದಲ್ಲಿ ರಾಜ್ಯದ ಹಲವೆಡೆ ಮಕ್ಕಳು ಕೆಂಗಣ್ಣಿನ ಬಾಧೆಯಿಂದ ಶಾಲೆ-ಮದ್ರಸ ಬಿಟ್ಟು ಮನೆಯಲ್ಲಿ ಕುಳಿತದ್ದು ಅನೇಕರಿಗೆ ನೆನಪಿರಬಹುದು. ಆ ‘ಮದ್ರಾಸ್ ಐ’ ನೋಟದಿಂದ ಹರಡುತ್ತದೆ ಎಂದು ಕಪ್ಪು ಕನ್ನಡಕ ಕೊಂಡವರೇ ಹೆಚ್ಚು. ನಿಜವಾಗಿ ಅದು ಹರಡುವುದು ಕಣ್ಣುಜ್ಜಿದ ಕೈಯಿಂದ, ಆ ಕೈ ಮುಟ್ಟಿದ ವಸ್ತುವಿನಿಂದ, ಹಂಚಿಕೊಂಡ ಬೈರಾಸಿನಿಂದ.

‘ನಾವು ವುಝೂ ಮಾಡುತ್ತೇವಲ್ಲ’ ಎಂಬ ಉತ್ತರ ಇಲ್ಲಿ ಸಾಲದು. ವುಝೂ ಆರಾಧನೆಯ ಸಿದ್ಧತೆ. ಅದರ ಶುದ್ಧಿಗೆ ಕರ್ಮಶಾಸ್ತ್ರದ ಮಾನದಂಡಗಳಿವೆ. ರೋಗಾಣುಗಳ ಲೆಕ್ಕ ಅಲ್ಲಿಲ್ಲ. ನಜಸ್ ತಾಗದ ಒಣ ಕೈ ಕರ್ಮಶಾಸ್ತ್ರದ ದೃಷ್ಟಿಯಲ್ಲಿ ಶುದ್ಧವೇ. ಆದರೆ ಅದೇ ಕೈಯಲ್ಲಿ ರೋಗಾಣು ಇರಬಹುದು. ಜಿಡ್ಡಿಗೆ ಅಂಟಿ ಕೂತ ರೋಗಾಣುಗಳನ್ನು ಬರಿಯ ನೀರು ಪೂರ್ತಿಯಾಗಿ ತೆಗೆಯಲಾರದು. ಅದಕ್ಕೆ ಸಾಬೂನು ಬೇಕು, ಇಪ್ಪತ್ತು ಸೆಕೆಂಡಿನಷ್ಟು ಉಜ್ಜಬೇಕು, ಬೆರಳ ಸಂದು ಮತ್ತು ಉಗುರಿನ ಅಡಿ ಸೇರಬೇಕು. ಬೆರಳ ಸಂದುಗಳಿಗೆ ನೀರು ತಲುಪಿಸುವ ಅಭ್ಯಾಸ ನಮಗೆ ವುಝೂವಿನಿಂದಲೇ ಬಂದಿರುವುದರಿಂದ ಅರ್ಧ ಕೆಲಸ ಕಲಿತೇ ಇದ್ದೇವೆ. ಮದ್ಯಸಾರವಿರುವ ಸ್ಯಾನಿಟೈಸರ್ ಹಚ್ಚಿಕೊಂಡು ನಮಾಝ್ ಮಾಡಬಹುದೇ ಎಂದು ಕೇಳುವವರಿದ್ದಾರೆ. ಅದರ ಬಾಹ್ಯ ಬಳಕೆಯನ್ನು ಸಮಕಾಲೀನ ವಿದ್ವಾಂಸರಲ್ಲಿ ಅನೇಕರು ಅನುಮತಿಸಿದ್ದಾರೆ; ಸಂಶಯವಿದ್ದವರು ತಮ್ಮ ಉಸ್ತಾದರಲ್ಲಿ ವಿಚಾರಿಸಿಕೊಳ್ಳಲಿ. ಸಾಬೂನಿನ ವಿಷಯದಲ್ಲಿ ಯಾವ ಮದ್‌ಹಬ್‌ನಲ್ಲೂ ಭಿನ್ನಾಭಿಪ್ರಾಯವಿಲ್ಲ!

ನಿದ್ದೆಯಿಂದ ಎದ್ದವನು ಕೈ ತೊಳೆಯದೆ ನೀರಿನ ಪಾತ್ರೆಗೆ ಅದ್ದಬಾರದು, ರಾತ್ರಿ ತನ್ನ ಕೈ ಎಲ್ಲಿತ್ತೆಂದು ಅವನಿಗೆ ತಿಳಿದಿಲ್ಲ ಎಂಬ ಆಶಯದ ಪ್ರವಾದಿ(ಸ) ವಚನ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಕೈ ಎಲ್ಲಿತ್ತೆಂದು ತಿಳಿಯದವನಿಗೇ ಈ ಆದೇಶ. ನಮ್ಮ ಕೈ ಹಗಲಿಡೀ ಎಲ್ಲೆಲ್ಲಿತ್ತೆಂದು ನಮಗೆ ಚೆನ್ನಾಗಿ ತಿಳಿದಿದೆ.

ಕೈ ಶುದ್ಧವಾಗಿದೆ ಎಂಬ ಆತ್ಮವಿಶ್ವಾಸ ಎಂಥ ಅಪಾಯ ತರಬಲ್ಲದೆಂಬುದಕ್ಕೆ ವಿಯೆನ್ನಾದ ಆಸ್ಪತ್ರೆಯೊಂದರ ಇತಿಹಾಸ ಸಾಕ್ಷಿ. 1847ರಲ್ಲಿ ಅಲ್ಲಿನ ಹೆರಿಗೆ ವಿಭಾಗದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಶವ ಪರೀಕ್ಷೆ ಮುಗಿಸಿ ನೇರ ಬಾಣಂತಿಯರ ಬಳಿಗೆ ಬರುವ ವೈದ್ಯರ ಕೈಗಳೇ ಸಾವಿಗೆ ಕಾರಣವೆಂದು ಗುರುತಿಸಿದರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಆದರೂ ಸಹೋದ್ಯೋಗಿಗಳಲ್ಲಿ ಅನೇಕರು ಆ ಮಾತನ್ನು ಒಪ್ಪಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕಾಗಿದೆ. ರೋಗಾಣುವಿನ ಭಯ ಮನುಷ್ಯರ ಮೇಲಿನ ಸಂಶಯವಾಗಿ ತಿರುಗುವುದಕ್ಕೆ ಹೆಚ್ಚು ಹೊತ್ತು ಬೇಡ. 2020ರಲ್ಲಿ ನಾವದನ್ನು ಅನುಭವಿಸಿದೆವು. ಹಣ್ಣು-ತರಕಾರಿಯ ಗಾಡಿ ತಳ್ಳುತ್ತಿದ್ದ ನಮ್ಮ ಸಹೋದರರ ಹೆಸರು ಕೇಳಿ, ಉಗುಳಿ ಮಾರುತ್ತಾರೆಂಬ ವದಂತಿ ಹಬ್ಬಿಸಿ, ಅವರನ್ನು ಓಣಿಗಳಿಂದ ಹಿಂದಕ್ಕೆ ಕಳಿಸಲಾಯಿತು. ಅದೊಂದು ಹಸಿ ಸುಳ್ಳು. ಆದರೆ ನಾಲಗೆಗೆ ಬೆರಳು ತಾಗಿಸಿ ಚೀಲ ಬಿಡಿಸುವ, ಬಾಯಿಂದ ಊದಿ ಕವರ್ ತೆರೆಯುವ ಅಭ್ಯಾಸ ಎಲ್ಲ ಧರ್ಮದ ಅಂಗಡಿಗಳಲ್ಲೂ ಇದೆ, ನಮ್ಮವರ ಅಂಗಡಿಗಳಲ್ಲೂ ಇದೆ. ಸುಳ್ಳನ್ನು ಖಂಡಿಸುತ್ತಲೇ ಆ ಅಭ್ಯಾಸವನ್ನೂ ಬಿಡಬಾರದೇಕೆ? ಗಲ್ಲಾ ಪೆಟ್ಟಿಗೆಯ ಪಕ್ಕ ಒದ್ದೆ ಸ್ಪಂಜು ಇಟ್ಟರೆ ಮುಗಿಯಿತು.

ಹಾಗೆಯೇ ಶುಚಿತ್ವದ ಹೆಸರಿನಲ್ಲಿ ಮನೆಗೆಲಸದಾಕೆಗೆ ಬೇರೆ ಲೋಟ ಇಡುವವರು ನಮ್ಮಲ್ಲೂ ಇದ್ದಾರೆ. ಆಕೆ ತೊಳೆದ ತಟ್ಟೆಯಲ್ಲಿ ಉಣ್ಣುತ್ತೇವೆ, ಆಕೆ ಕುಡಿದ ಲೋಟ ಮಾತ್ರ ಬೇಡ. ಇದಕ್ಕೆ ವೈದ್ಯಶಾಸ್ತ್ರದ ಆಧಾರವೂ ಇಲ್ಲ, ದೀನಿನ ಆಧಾರವೂ ಇಲ್ಲ. ಕೈ ತೊಳೆದಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಶಂಕಿಸುವ ವಸ್‌ವಾಸನ್ನು ನಮ್ಮ ವಿದ್ವಾಂಸರು ಹಿಂದಿನಿಂದಲೂ ಹೊಗಳಿದವರಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯಿರಿ, ಬೀಳುವುದಕ್ಕಿಂತ ಅದೇ ಮೇಲು. ಆದರೆ ಇಳಿದ ಮೇಲೆ ಕೈ ತೊಳೆಯುವ ತನಕ ಅದು ಮುಖಕ್ಕೆ, ಬಾಯಿಗೆ ಹೋಗದಿರಲಿ. ಮನೆ ತಲುಪಿದಾಗ ಮಗು ಓಡಿ ಬಂದರೂ ಒಂದು ನಿಮಿಷ ಕಾಯಲಿ. ಈ ಮಾತು ಮನೆಯ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು ಹೇಳಬೇಕಾಗಿದೆ. ಅಡುಗೆಮನೆಯ ನಳ್ಳಿಯ ಪಕ್ಕದ ಸಾಬೂನು ಯಾರ ಕೈಯಲ್ಲಿ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಇನ್ನು ಮಸೀದಿಗೆ ಮರಳೋಣ. ಹೌಝ್‌ನ ಪಕ್ಕ ಹಗ್ಗದಲ್ಲಿ ತೂಗುವ, ಊರಿನವರೆಲ್ಲ ಮುಖ ಒರೆಸುವ ಆ ಒಂದು ಬೈರಾಸನ್ನು ದಯವಿಟ್ಟು ತೆಗೆಯಿರಿ. ಕಣ್ಣುನೋವಿನ ಕಾಲದಲ್ಲಿ ಅದಕ್ಕಿಂತ ದೊಡ್ಡ ವಾಹಕ ಬೇರೆ ಬೇಕಾಗಿಲ್ಲ. ಪ್ರತಿಯೊಬ್ಬರ ಜೇಬಿನಲ್ಲಿ ಒಂದು ಕರವಸ್ತ್ರವಿದ್ದರೆ ಸಾಕು. ಸಾಬೂನಿನ ಬಗ್ಗೆ ವಿಚಾರಿಸಿದಾಗ ಜಮಾಅತ್‌ವೊಂದರಿಂದ ನಮಗೆ ದೊರೆತ ಉತ್ತರ, ಇಟ್ಟ ಸಾಬೂನು ಮರುದಿನ ಕಾಣೆಯಾಗುತ್ತದೆ ಎಂಬುದು. ಹಾಗಿದ್ದರೆ ದ್ರವ ಸಾಬೂನಿನ ಡಬ್ಬಿಯನ್ನು ಗೋಡೆಗೆ ಬಿಗಿಯಲಿ. ಮಿನಾರಕ್ಕೆ ಬಣ್ಣ ಬಳಿಯಲು ಸಂಗ್ರಹಿಸುವ ಚಂದಾದಲ್ಲಿ ಅದಕ್ಕೆ ಎಷ್ಟು ಬೇಕಾದೀತು?