ಬಿಡಿಯ ಕೆಳಗೆ ಬಿಡಿ

ಕಳೆದ ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಒಂದು ಮಣ್ಣಿನ ಗೋಲಕ ಒಡೆಯಿತು. ಕೈಜಾರಿ ಬಿದ್ದು ಒಡೆದದ್ದಲ್ಲ. ಎಂಟನೇ ತರಗತಿಯ ನಮ್ಮ ಮೊಮ್ಮಗಳು ಹಿತ್ತಲಲ್ಲಿ ಕೂತು, ಸದ್ದಾಗಬಾರದೆಂದು ಹಳೇ ಟವೆಲ್ ಸುತ್ತಿ ತಾನೇ ಒಡೆದಿದ್ದಳು.

"ಏನಮ್ಮಾ ಇದು?" ಎಂದೆ. ಅವಳ ಕಣ್ಣಲ್ಲಿ ನೀರು.

ಶಾಲೆಯ ಪ್ರವಾಸಕ್ಕೆ ಆರು ಮಕ್ಕಳಿಂದ ಹಣ ಸೇರಿಸುವ ಕೆಲಸ ಅವಳದು. ಪುಸ್ತಕದಲ್ಲಿ ಮೊತ್ತ 1,845 ರೂಪಾಯಿ. ಕವರಿನಲ್ಲಿದ್ದದ್ದು 1,440. "ನಿನ್ನ ಬ್ಯಾಗಿನಲ್ಲೇ ಸರಿಯಾಗಿ ಹುಡುಕು" ಎಂದು ಗೆಳತಿಯೊಬ್ಬಳು ಎಲ್ಲರೆದುರು ಅಂದಳಂತೆ. ಮರುದಿನ ಟೀಚರಿಗೆ ಹಣ ಒಪ್ಪಿಸಬೇಕು. ಕಮ್ಮಿ ಬಿದ್ದ 405 ರೂಪಾಯಿಯನ್ನು ಗೋಲಕದಿಂದ ತುಂಬಿಸಿ ಸುಮ್ಮನಾಗುವುದು ಅವಳ ಲೆಕ್ಕಾಚಾರ.

ನನಗೆ ಹಳೆಯ ರಾತ್ರಿಯೊಂದು ನೆನಪಾಯಿತು. ಬ್ಯಾಂಕಿಗೆ ಸೇರಿದ ಹೊಸತು. ಆಗ ಕಂಪ್ಯೂಟರ್ ಇಲ್ಲ. ದಪ್ಪ ಲೆಡ್ಜರುಗಳು, ರೂಪಾಯಿಗೊಂದು ಪೈಸೆಗೊಂದು ಕಾಲಂ. ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಅಂದು 90 ರೂಪಾಯಿ ವ್ಯತ್ಯಾಸ. ಮೂರು ಸಲ ಕೂಡಿದೆ, ಸಿಗಲಿಲ್ಲ. ಎಲ್ಲಾದರೂ ಒಂದು ಕಡೆ 90 ಸೇರಿಸಿ ತಾಳೆ ಮಾಡಿಬಿಡೋಣವೇ ಎಂದು ಪೆನ್ಸಿಲ್ ಎತ್ತಿದ್ದೆ. ನಮ್ಮ ಹೆಡ್ ಕ್ಲರ್ಕ್ ನೋಡಿಬಿಟ್ಟರು. "ಹಾಗೆ ಮಾಡಿದರೆ ತಪ್ಪು ಹೋಗೋದಿಲ್ಲಪ್ಪ, ಮುಚ್ಚಿಕೊಳ್ಳುತ್ತೆ. ಒಂಬತ್ತರಿಂದ ಭಾಗ ಹೋಗುತ್ತಾ ನೋಡು" ಎಂದರು. ಹೋಯಿತು. ಹುಡುಕಿದರೆ, 540 ಇರಬೇಕಾದ ಕಡೆ ನಾನು 450 ಎಂದು ಬರೆದಿದ್ದೆ.

ಪಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಒಂದು ಸಂಖ್ಯೆ ಒಂದು ಮನೆ ಎಡಕ್ಕೆ ಜರುಗಿದರೂ ಹಾಗೆಯೇ. 45 ಎಂಬುದು 450 ಆದರೆ ಹೆಚ್ಚಾಗುವುದು 405, ಅಂದರೆ 45ರ ಒಂಬತ್ತರಷ್ಟು.

ಈಗ ಮೊಮ್ಮಗಳ ಪುಸ್ತಕ ತೆಗೆಸಿದೆ. 350, 500, 45, 250, 120, 175. ಹೆಸರುಗಳ ಹಾಗೆ ಸಂಖ್ಯೆಗಳನ್ನೂ ಎಡಗಡೆಯ ಗೆರೆಗೆ ಅಂಟಿಸಿ ಬರೆದಿದ್ದಳು. 45ರ ನಾಲ್ಕು ಹೋಗಿ ನೂರರ ಸಾಲಿನಲ್ಲಿ ಕೂತಿತ್ತು, ಐದು ಹತ್ತರ ಸಾಲಿನಲ್ಲಿ. "405ನ್ನು 9ರಿಂದ ಭಾಗಿಸು" ಎಂದೆ. 45 ಎಂದವಳೇ ಪಟ್ಟಿಯ ಮೇಲೆ ಬೆರಳಿಟ್ಟು, "ತಾತ, ಇಲ್ಲೇ ಇದೆ!" ಎಂದು ಕೂಗಿದಳು. ಕವರಿನ 1,440 ಸರಿಯಾಗಿಯೇ ಇತ್ತು. ಯಾರೂ ಕದ್ದಿರಲಿಲ್ಲ, ಯಾವುದೂ ಕಳೆದಿರಲಿಲ್ಲ. ಗೋಲಕದ ಹಣ ಸೇರಿಸಿದ್ದರೆ ಅವಳ ದುಡ್ಡೂ ಹೋಗುತ್ತಿತ್ತು, ಲೆಕ್ಕವೂ ತಪ್ಪಾಗಿಯೇ ಉಳಿಯುತ್ತಿತ್ತು.

ಮಕ್ಕಳೇ, ಹೆಸರು ಓದುವುದು ಎಡದಿಂದ. ಆದ್ದರಿಂದ ಹೆಸರುಗಳು ಎಡಗೆರೆಗೆ ಸಾಲಾಗಿರಲಿ. ಸಂಖ್ಯೆಯ ಬೆಲೆ ಹುಟ್ಟುವುದು ಬಲಗಡೆಯ ಬಿಡಿಯಿಂದ. ಆದ್ದರಿಂದ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು. ಪೈಸೆ ಇದ್ದರೆ ಚುಕ್ಕಿಯ ಕೆಳಗೆ ಚುಕ್ಕಿ ಬರಬೇಕು, 12.5 ಎಂದು ಬರೆಯದೆ 12.50 ಎಂದೇ ಬರೆಯಿರಿ. ಚೌಕುಳಿ ಹಾಳೆಯಲ್ಲಿ ಒಂದು ಮನೆಗೆ ಒಂದೇ ಅಂಕಿ ಬರೆದರೆ ಇನ್ನೂ ಒಳ್ಳೆಯದು.

ಭಾನುವಾರ ಅವಳು ಅದೇ ಪಟ್ಟಿಯನ್ನು ಅಪ್ಪನ ಕಂಪ್ಯೂಟರಿನಲ್ಲಿ ಎಕ್ಸೆಲ್‌ಗೆ ಹಾಕಿದಳು. ಈ ಸಲ ಮೊತ್ತ 250 ಕಮ್ಮಿ! ನೋಡಿದರೆ ಐದು ಸಂಖ್ಯೆ ಬಲಕ್ಕಿವೆ, 250 ಮಾತ್ರ ಎಡಕ್ಕಿದೆ. ಆ ಮನೆಯಲ್ಲಿ ಅವಳು "250 ರೂ." ಎಂದು ಅಕ್ಷರ ಸೇರಿಸಿ ಬರೆದಿದ್ದಳು. ಯಂತ್ರ ಅದನ್ನು ಸಂಖ್ಯೆಯೆಂದು ತಿಳಿಯದೆ ಹೆಸರಿನಂತೆ ಎಡಕ್ಕೆ ಕೂರಿಸಿ, ಕೂಡುವಾಗ ಬಿಟ್ಟುಬಿಟ್ಟಿತ್ತು. ಗುಂಡಿ ಒತ್ತಿ ಅದನ್ನು ಬಲಕ್ಕೆ ತಳ್ಳಬಹುದು. ಆದರೆ ನೋಟ ಸರಿಯಾಗುತ್ತದೆಯೇ ಹೊರತು ಮೊತ್ತ ಸರಿಯಾಗುವುದಿಲ್ಲ. "ಅದೂ ಗೋಲಕ ಒಡೆದ ಹಾಗೇ ಅಲ್ವಾ ತಾತ?" ಎಂದು ನಕ್ಕು, ಅಕ್ಷರ ಅಳಿಸಿದಳು.

ಈಗ ನಿಮಗೊಂದು ಲೆಕ್ಕ. ಅಮ್ಮ ಅಂಗಡಿಯಿಂದ ತಂದ ಸಾಮಾನುಗಳ ಬೆಲೆಯನ್ನು ನೀವು 63, 50, 44, 71, 86 ಎಂದು ಬರೆದುಕೊಂಡಿದ್ದೀರಿ. ಮೊತ್ತ ಅಂಗಡಿಯ ಚೀಟಿಗಿಂತ 27 ಹೆಚ್ಚಾಗಿದೆ. ಒಂದು ಬೆಲೆಯ ಅಂಕಿಗಳು ಅದಲುಬದಲಾಗಿವೆ. ಯಾವುದು? ಮನೆಯವರೆಲ್ಲ ಕೂತು ಹುಡುಕಿ. ನಾನು ಹೊಸ ಗೋಲಕ ತರಲು ಸಂತೆಗೆ ಹೊರಟೆ.